ಆಶ್ವಯುಜದ ಗೊಂಬೆಗೆ ಮಾಘದ ಹಣ

ಶರದೃತುವಿನ ಆರಂಭದಲ್ಲಿ, ಆಶ್ವಯುಜ ಶುದ್ಧ ಪಾಡ್ಯದಂದು, ಹಳೆಯ ಮೈಸೂರು ಸೀಮೆಯ ಮನೆಗಳಲ್ಲಿ ಪಟ್ಟದ ಗೊಂಬೆಗಳು ಪೆಟ್ಟಿಗೆಯಿಂದ ಹೊರಬಂದು ಮೆಟ್ಟಿಲೇರುತ್ತವೆ. ಮೂರು, ಐದು, ಏಳು, ಒಂಬತ್ತು ಎಂದು ಬೆಸ ಸಂಖ್ಯೆಯಲ್ಲಿ ಕಟ್ಟಿದ ಹಂತಗಳ ಮೇಲೆ ಬಿಳಿಯ ಬಟ್ಟೆ ಹಾಸಿ, ರಾಜ-ರಾಣಿಯರನ್ನು ಮೇಲೆ ಕೂರಿಸಿ, ಕೆಳಗೆ ದೇವ-ದೇವತೆಯರು, ವಾದ್ಯದವರು, ಪ್ರಾಣಿ-ಪಕ್ಷಿಗಳನ್ನು ಜೋಡಿಸುವುದು ವಾಡಿಕೆ. ಧಾನ್ಯದ ಅಂಗಡಿ ಇಟ್ಟುಕೊಂಡ ಶೆಟ್ಟಿ ದಂಪತಿಗಳಿಗೂ ಆ ಮೆಟ್ಟಿಲುಗಳಲ್ಲಿ ಒಂದು ಸ್ಥಾನವಿದೆ. ವ್ಯಾಪಾರವಿಲ್ಲದ ಲೋಕವನ್ನು ನಮ್ಮ ಹಿರಿಯರು ಗೊಂಬೆಯಾಟದಲ್ಲಿಯೂ ಕಲ್ಪಿಸಿಕೊಳ್ಳಲಿಲ್ಲವೆಂಬುದು ವರ್ತಕರಾದ ನಮಗೆ ಹೆಮ್ಮೆಯ ವಿಷಯವೇ ಸರಿ. ಆದರೆ ಆ ಗೊಂಬೆಯನ್ನು ಮಾಡುವವರೊಡನೆ ನಮ್ಮ ವ್ಯಾಪಾರ ಹೇಗೆ ನಡೆಯುತ್ತಿದೆಯೆಂದು ಕೇಳಿಕೊಂಡರೆ ಆ ಹೆಮ್ಮೆ ಅಷ್ಟಾಗಿ ಉಳಿಯುವುದಿಲ್ಲ.

ಹಲವು ವರ್ಷಗಳಿಂದ ಮರದ ಗೊಂಬೆಗಳನ್ನು ಸಗಟಾಗಿ ಕೊಂಡು ಮಾರುತ್ತಿರುವ ನಾನು ಈ ಲೇಖನದಲ್ಲಿ ಒಂದೇ ಮಾತನ್ನು ಸದಸ್ಯ ಬಾಂಧವರ ಮುಂದಿಡಬಯಸುತ್ತೇನೆ. ಆಶ್ವಯುಜದಲ್ಲಿ ಮಾರುವ ಮರದ ಗೊಂಬೆಗೆ ಮಾಘದಲ್ಲಿಯೇ ಬೇಡಿಕೆ ಕೊಟ್ಟು, ಬೆಲೆಯ ಒಂದು ಭಾಗವನ್ನು ಮುಂಗಡವಾಗಿ ಪಾವತಿಸಬೇಕು. ಇದು ಕುಶಲಕರ್ಮಿಗಳ ಮೇಲಿನ ಕರುಣೆಯಿಂದ ಹೇಳುತ್ತಿರುವ ಮಾತಲ್ಲ. ನಮ್ಮದೇ ಲಾಭ-ನಷ್ಟದ ಲೆಕ್ಕದಿಂದ ಹೇಳುತ್ತಿರುವುದು.

ಅನುಭವದ ಪಾಠ

ಕೆಲವು ವರ್ಷಗಳ ಹಿಂದೆ, ಎಲ್ಲರಂತೆ ನಾನೂ ಆಷಾಢ ಮುಗಿಯುವ ಹೊತ್ತಿಗೆ, ಮನೆಯಲ್ಲಿಯೇ ಗೊಂಬೆ ಮಾಡುವ ಒಂದು ಕುಟುಂಬಕ್ಕೆ ಇನ್ನೂರು ಜೊತೆ ರಾಜ-ರಾಣಿಯರ ಬೇಡಿಕೆ ಕೊಟ್ಟೆ. ಮುಂಗಡ ಕೊಡಲಿಲ್ಲ, ಹಬ್ಬದ ನಂತರ ಪೂರ್ಣ ಹಣ ಎಂದು ಮಾತಾಯಿತು. ಮಹಾಲಯ ಅಮಾವಾಸ್ಯೆಗೆ ಮೊದಲೇ ಸರಕು ಕೈಸೇರಿತು. ಬಣ್ಣ ಅಚ್ಚುಕಟ್ಟಾಗಿತ್ತು, ಕೆತ್ತನೆಯೂ ಚೆನ್ನಾಗಿತ್ತು. ವಿಜಯದಶಮಿ ಕಳೆದು ವಾರವಾಗುವಷ್ಟರಲ್ಲಿ ಗಿರಾಕಿಗಳು ಒಬ್ಬೊಬ್ಬರಾಗಿ ಗೊಂಬೆಗಳನ್ನು ಹಿಂದಕ್ಕೆ ತರತೊಡಗಿದರು. ಕಿರೀಟದಿಂದ ನಡುವಿನವರೆಗೆ ಸೀಳಿದ ರಾಣಿ, ಬೆನ್ನು ಬಿರಿದ ರಾಜ! ಒಟ್ಟು ಮೂವತ್ತೊಂದು ಜೊತೆ ವಾಪಸಾದವು. ಬಿರುಕು ಬಿಟ್ಟ ಪಟ್ಟದ ಗೊಂಬೆಯನ್ನು ಮುಂದಿನ ವರ್ಷಕ್ಕೆ ಎತ್ತಿಡಲು ಯಾವ ಗೃಹಿಣಿಯೂ ಒಪ್ಪುವುದಿಲ್ಲ. ಅದನ್ನು ಅಶುಭವೆಂದೇ ಭಾವಿಸುತ್ತಾರೆ.

ಕೋಪದಿಂದಲೇ ಆ ಮನೆಗೆ ಹೋದೆ. ಬಣ್ಣ ಹಾಕುವ ಆ ಮನೆಯ ಹೆಣ್ಣುಮಗಳು ನನ್ನ ಮಾತನ್ನೆಲ್ಲ ಕೇಳಿಸಿಕೊಂಡು, "ಸ್ವಾಮಿ, ಮರಕ್ಕೆ ಬೇಕಾದದ್ದು ಬೇಸಿಗೆ. ಬೇಸಿಗೆ ಕಳೆದ ಮೇಲೆ ನೀವು ಬಂದಿರಿ. ಇನ್ನು ನಾವೇನು ಮಾಡಬೇಕಿತ್ತು?" ಎಂದರು. ನನ್ನಲ್ಲಿ ಉತ್ತರವಿರಲಿಲ್ಲ. ಜೂನ್ ತಿಂಗಳಿನಲ್ಲಿ ಸಾಲ ಮಾಡಿ ಕೊಂಡ ಹಸಿ ಮರವನ್ನು ಅವರು ಮಳೆಗಾಲದಲ್ಲಿ ಕೆತ್ತಿದ್ದರು. ತಪ್ಪು ಅವರ ಉಳಿಯದಲ್ಲ, ನನ್ನ ಕ್ಯಾಲೆಂಡರಿನದು.

ಮರ ಏಕೆ ಬಿರಿಯುತ್ತದೆ?

ಇದನ್ನು ತಿಳಿಯದೆ ಮುಂಗಡದ ಮಾತು ಅರ್ಥವಾಗುವುದಿಲ್ಲ. ಹೊಸದಾಗಿ ಕಡಿದ ಮರದಲ್ಲಿ ನೀರಿನ ಪ್ರಮಾಣ ಬಹಳ ಹೆಚ್ಚು. ಕೆಲವು ಮೆದು ಜಾತಿಗಳಲ್ಲಿ ನೀರಿನ ತೂಕ ಒಣ ಮರದ ತೂಕದ ಅರ್ಧಕ್ಕಿಂತಲೂ ಅಧಿಕವಾಗಿರುತ್ತದೆ. ಒಣಗುವಾಗ ಮರ ಎಲ್ಲ ದಿಕ್ಕಿನಲ್ಲಿಯೂ ಒಂದೇ ಸಮನೆ ಕುಗ್ಗುವುದಿಲ್ಲ. ವಾರ್ಷಿಕ ಬಳೆಗಳ ಸುತ್ತಿನ ಗುಂಟ ಆಗುವ ಕುಗ್ಗುವಿಕೆ, ತಿರುಳಿನಿಂದ ತೊಗಟೆಯ ಕಡೆಗೆ ಆಗುವುದರ ಸುಮಾರು ಎರಡರಷ್ಟಿರುತ್ತದೆ. ಜೊತೆಗೆ ಹೊರಮೈ ಬೇಗ ಒಣಗಿ ಕುಗ್ಗಲು ನೋಡಿದರೆ, ಒಳಗಿನ ಹಸಿ ಭಾಗ ಅದಕ್ಕೆ ಆಸ್ಪದ ಕೊಡುವುದಿಲ್ಲ. ಈ ಎಳೆದಾಟದಲ್ಲಿ ಮರ ಸೀಳುತ್ತದೆ. ತಿರುಳನ್ನು ಒಳಗೇ ಉಳಿಸಿಕೊಂಡ ಇಡೀ ದಿಂಡು ಬಿರಿಯುವುದಂತೂ ಬಹುಮಟ್ಟಿಗೆ ಖಚಿತ.

ಹಸಿ ಮರದ ಮೇಲೆ ಬಣ್ಣ ಅಥವಾ ಅರಗು ಹಚ್ಚಿದರೆ ತೇವ ಒಳಗೇ ಉಳಿದು, ಹಬ್ಬ ಮುಗಿದು ಚಳಿಗಾಲದ ಒಣಗಾಳಿ ಬೀಸಿದಾಗ ಬಿರುಕಿನ ರೂಪದಲ್ಲಿ ಹೊರಬೀಳುತ್ತದೆ. ಆದುದರಿಂದಲೇ ಅಂಗಡಿಯಲ್ಲಿರುವಾಗ ದೋಷ ಕಾಣಿಸುವುದಿಲ್ಲ, ಗಿರಾಕಿಯ ಮನೆಯಲ್ಲಿ ಕಾಣಿಸುತ್ತದೆ. ಮಣ್ಣಿನ ಅಥವಾ ಪ್ಲಾಸ್ಟರ್ ಆಫ್ ಪ್ಯಾರಿಸ್‌ನ ಗೊಂಬೆ ಬೆಲೆಯಲ್ಲಿ ಅಗ್ಗ, ತಯಾರಿಕೆಯಲ್ಲಿ ಶೀಘ್ರ. ಅವುಗಳ ಮುಂದೆ ಮರದ ಗೊಂಬೆಗಿರುವ ಒಂದೇ ದೊಡ್ಡ ಅನುಕೂಲವೆಂದರೆ ಬಾಳಿಕೆ. ಮದುವೆಯಲ್ಲಿ ತವರಿನಿಂದ ಬಂದ ಜೋಡಿ ಮೊಮ್ಮಗಳ ಕಾಲಕ್ಕೂ ಉಳಿಯಬೇಕು. ಆ ಬಾಳಿಕೆಯೇ ಹೋದರೆ ಗಿರಾಕಿ ಹೆಚ್ಚಿನ ಬೆಲೆ ಕೊಡಲು ಕಾರಣವೇ ಇರುವುದಿಲ್ಲ.

ಮನೆಯಂಗಳದ ಪಂಚಾಂಗ

ನಮ್ಮ ನಾಡಿನಲ್ಲಿ ಈ ಕಸುಬಿನ ಎರಡು ಮುಖ್ಯ ನೆಲೆಗಳೆಂದರೆ ಚನ್ನಪಟ್ಟಣ ಮತ್ತು ಕೊಪ್ಪಳ ಜಿಲ್ಲೆಯ ಕಿನ್ನಾಳ. ಎರಡಕ್ಕೂ ಭೌಗೋಳಿಕ ಸೂಚಕದ ಮಾನ್ಯತೆಯಿದೆ. ಚನ್ನಪಟ್ಟಣದಲ್ಲಿ ಬಿಳಿಯ ಬಣ್ಣದ, ನಯವಾದ ಎಳೆಯ ಆಲೆ ಮರವನ್ನು ಲೇತಿನ ಮೇಲೆ ಕಡೆದು, ಅದು ತಿರುಗುತ್ತಿರುವಾಗಲೇ ಬಣ್ಣದ ಅರಗಿನ ಕಡ್ಡಿಯನ್ನು ಒತ್ತುತ್ತಾರೆ. ತಿಕ್ಕಾಟದ ಶಾಖಕ್ಕೆ ಅರಗು ಕರಗಿ ಮೈಗೆ ಅಂಟಿಕೊಳ್ಳುತ್ತದೆ. ಕಿನ್ನಾಳದ ಚಿತ್ರಗಾರರದು ಬೇರೆ ವಿಧಾನ. ಹಗುರವಾದ ಮರದಲ್ಲಿ ಅಂಗಾಂಗಗಳನ್ನು ಬಿಡಿಬಿಡಿಯಾಗಿ ಕೆತ್ತಿ, ಹುಣಿಸೆ ಬೀಜದ ಅಂಟಿನಿಂದ ಜೋಡಿಸಿ, ಸೆಣಬಿನ ಚಿಂದಿ ಮತ್ತು ಮರದ ಹೊಟ್ಟಿನಿಂದ ತಯಾರಿಸಿದ ಕಿಟ್ಟವನ್ನು ಲೇಪಿಸಿ, ಅದರ ಮೇಲೆ ಬಣ್ಣ ಬರೆಯುತ್ತಾರೆ. ಸಣ್ಣ ಸಣ್ಣ ಭಾಗಗಳನ್ನು ಜೋಡಿಸುವುದರಿಂದ ಬಿರುಕಿನ ಭಯ ಅಲ್ಲಿ ತುಸು ಕಡಿಮೆ. ಆದರೆ ಮರ ಒಣಗಿರಬೇಕೆಂಬ ನಿಯಮ ಎರಡೂ ಕಡೆ ಒಂದೇ.

ಮನೆಯಲ್ಲಿ ಕೆಲಸ ಮಾಡುವವರಿಗೆ ಒಣಗಿಸುವ ಯಂತ್ರವಿಲ್ಲ, ಇರುವುದು ಬೇಸಿಗೆಯೊಂದೇ. ಪುಷ್ಯ-ಮಾಘ ಮಾಸಗಳಲ್ಲಿ ಮರ ಕೊಂಡರೆ ತೊಗಟೆ ತೆಗೆದು, ತಿರುಳು ಒಡೆಯುವಂತೆ ಸೀಳಿ, ತುದಿಗಳಿಗೆ ಮೇಣ ಅಥವಾ ಹಳೆಯ ಬಣ್ಣ ಬಳಿದು, ನಡುವೆ ಪಟ್ಟಿಗಳನ್ನಿಟ್ಟು ನೆರಳಿನಲ್ಲಿ ಗಾಳಿಯಾಡುವಂತೆ ಪೇರಿಸಬಹುದು. ಫಾಲ್ಗುಣ, ಚೈತ್ರ, ವೈಶಾಖಗಳ ಒಣಹವೆ ಉಳಿದ ಕೆಲಸವನ್ನು ಮಾಡುತ್ತದೆ. ಜ್ಯೇಷ್ಠ-ಆಷಾಢಗಳಲ್ಲಿ ಕೆತ್ತನೆ, ಶ್ರಾವಣ-ಭಾದ್ರಪದಗಳಲ್ಲಿ ಬಣ್ಣ. ಹೀಗೆ ಮಹಾಲಯಕ್ಕೆ ಸರಕು ಸಿದ್ಧ. ಮಳೆಗಾಲದಲ್ಲಿ ಕಡಿದ ಬಿಳಿ ಮರ ಒಣಗುವುದೂ ಇಲ್ಲ, ಬೂಷ್ಟು ಹಿಡಿದು ನೀಲಿಯ ಕಲೆಯನ್ನೂ ತಳೆಯುತ್ತದೆ. ಮೆದು ಮರವನ್ನು ಕೊರೆಯುವ ಹುಳುವಿನ ತೊಂದರೆಗೆ ಬೋರಾಕ್ಸ್ ಮತ್ತು ಬೋರಿಕ್ ಆಮ್ಲದ ದ್ರಾವಣದಲ್ಲಿ ಅದ್ದುವ ಪದ್ಧತಿಯಿದೆ. ಅದು ಅಲಂಕಾರದ ಗೊಂಬೆಗೆ ಸಲ್ಲುತ್ತದೆ. ಮಕ್ಕಳು ಬಾಯಿಗಿಡುವ ಆಟಿಕೆಗೆ ಸಲ್ಲದು.

ಮರ ಒಣಗಿದೆಯೇ ಎಂದು ತಿಳಿಯಲು ದುಬಾರಿ ಉಪಕರಣ ಬೇಕಿಲ್ಲ. ಒಂದು ತುಂಡನ್ನು ಗುರುತಿಟ್ಟು ಪ್ರತಿ ವಾರ ತೂಗಿದರೆ ಸಾಕು. ತೂಕ ಇಳಿಯುವುದು ನಿಂತ ಮೇಲೆ ಆ ಹವೆಯಲ್ಲಿ ಒಣಗಬೇಕಾದಷ್ಟು ಒಣಗಿತೆಂದೇ ಅರ್ಥ. ನಿಖರವಾದ ಲೆಕ್ಕ ಬೇಕಿದ್ದರೆ ತೆಳುವಾದ ಒಂದು ಬಿಲ್ಲೆಯನ್ನು ತೂಗಿ, ಸುಮಾರು 103 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ತೂಕ ಸ್ಥಿರವಾಗುವವರೆಗೆ ಒಣಗಿಸಿ ಮತ್ತೆ ತೂಗಬೇಕು. 112 ಗ್ರಾಂ ಇದ್ದುದು 100 ಗ್ರಾಂಗೆ ಇಳಿದರೆ ತೇವಾಂಶ ಶೇ. 12. ನಮ್ಮ ಮನೆಗಳಲ್ಲಿಡುವ ಗೊಂಬೆಗೆ ಅದು ತಕ್ಕ ಪ್ರಮಾಣ. ದಿನಸಿ ಅಂಗಡಿಯ ತಕ್ಕಡಿಯಿಂದ ಸಾಧ್ಯವಾಗುವ ಈ ಪರೀಕ್ಷೆಯನ್ನು ಕೊಳ್ಳುವವರಾದ ನಾವೂ ಕೇಳಿ ಮಾಡಿಸಬಹುದು.

ಲೆಕ್ಕ ಏನು ಹೇಳುತ್ತದೆ?

"ಎಂಟು ತಿಂಗಳು ಮೊದಲೇ ಹಣ ಹೂಡುವುದು ವ್ಯಾಪಾರವೇ?" ಎಂದು ಮಿತ್ರರು ಕೇಳುತ್ತಾರೆ. ಉದಾಹರಣೆಗೆ ಒಂದು ಲಕ್ಷ ರೂಪಾಯಿಯ ಗೊಂಬೆಗಳನ್ನು ಕೊಳ್ಳುವ ವರ್ತಕರನ್ನು ತೆಗೆದುಕೊಳ್ಳೋಣ. ಮಾಘದಲ್ಲಿ ಅವರು 30,000 ರೂ. ಮುಂಗಡ ಕೊಟ್ಟರೆಂದು ಭಾವಿಸೋಣ. ಬ್ಯಾಂಕಿನ ಬಡ್ಡಿ ವರ್ಷಕ್ಕೆ ಶೇ. 12 ಎಂದಿಟ್ಟುಕೊಂಡರೂ ಎಂಟು ತಿಂಗಳಿಗೆ ಆಗುವುದು 2,400 ರೂ. ಅದೇ ಹಣವನ್ನು ಗೊಂಬೆ ಮಾಡುವ ಕುಟುಂಬ ನೂರಕ್ಕೆ ತಿಂಗಳಿಗೆ ಮೂರು ರೂಪಾಯಿಯ ಕೈಸಾಲವಾಗಿ ತಂದರೆ ಬಡ್ಡಿ 7,200 ರೂ. ಈ ವ್ಯತ್ಯಾಸದ 4,800 ರೂಪಾಯಿ ಎಲ್ಲಿಂದಲಾದರೂ ಬರಲೇಬೇಕು. ಒಂದೋ ಗೊಂಬೆಯ ಬೆಲೆಗೆ ಸೇರುತ್ತದೆ, ಇಲ್ಲವೇ ಸಾಲದ ಅವಧಿಯನ್ನು ಮೊಟಕುಗೊಳಿಸಲು ಅವರು ಮರವನ್ನು ತಡವಾಗಿ ಕೊಳ್ಳುತ್ತಾರೆ. ಎರಡನೆಯದೇ ಹೆಚ್ಚಾಗಿ ನಡೆಯುವುದು. ಮರ ಒಣಗುವ ಕಾಲವನ್ನು ತಿಂದುಹಾಕುತ್ತಿರುವುದು ಬಡ್ಡಿ.

ಇನ್ನೊಂದು ಬದಿಯ ಲೆಕ್ಕವನ್ನೂ ನೋಡಬೇಕು. ಒಂದು ಲಕ್ಷದ ಸರಕಿನಲ್ಲಿ ನೂರಕ್ಕೆ ಐದು ಗೊಂಬೆಗಳು ವಾಪಸಾದರೆ ಕೊಂಡ ಬೆಲೆಯಲ್ಲಿಯೇ 5,000 ರೂ. ನಷ್ಟ. 2,400 ರೂ. ಖರ್ಚು ಮಾಡಿ 5,000 ರೂ. ಉಳಿಸುವುದು ವ್ಯಾಪಾರವಲ್ಲವೆಂದರೆ ಯಾವುದು ವ್ಯಾಪಾರ? ಹಿಂದಿರುಗಿದ ಗಿರಾಕಿ ಮುಂದಿನ ವರ್ಷ ನಮ್ಮ ಅಂಗಡಿಯ ಮೆಟ್ಟಿಲು ಹತ್ತುವುದಿಲ್ಲ ಎಂಬುದನ್ನು ನಾನಿಲ್ಲಿ ಲೆಕ್ಕಕ್ಕೆ ಸೇರಿಸಿಯೇ ಇಲ್ಲ.

ಮುಂಗಡ ಪಡೆದವರು ಸರಕನ್ನು ಬೇರೆಯವರಿಗೆ ಮಾರಿದರೆ ಗತಿಯೇನು ಎಂಬ ಆಕ್ಷೇಪ ನ್ಯಾಯವಾದುದೇ. ನಾನು ಕಂಡುಕೊಂಡ ಪರಿಹಾರವಿದು: ನಗದು ಕೊಡುವುದರ ಬದಲು ಮರವನ್ನೇ ಕೊಡಿಸಿ, ದಿಂಡುಗಳ ತುದಿಗೆ ಬಳಿಯುವ ಬಣ್ಣದಲ್ಲಿಯೇ ನಮ್ಮ ಗುರುತು ಮತ್ತು ತಿಂಗಳನ್ನು ಬರೆಸುವುದು. ಮರವೇ ಭದ್ರತೆ. ಬಾಕಿ ಹಣವನ್ನು ಎರಡು ಕಂತುಗಳಲ್ಲಿ, ಕೆತ್ತನೆ ಮುಗಿದು ಬಣ್ಣಕ್ಕೆ ಮೊದಲು ಒಂದು ಭಾಗ, ಸರಕು ಕೈಸೇರಿದಾಗ ಉಳಿದದ್ದು ಎಂದು ಕೊಟ್ಟರೆ ಬಣ್ಣದ ಕೆಳಗೆ ಬಿರುಕು ಮುಚ್ಚಿಹೋಗುವ ಮೊದಲೇ ಕಣ್ಣಾರೆ ನೋಡುವ ಅವಕಾಶವೂ ದೊರೆಯುತ್ತದೆ. ಈ ಪದ್ಧತಿ ಆರಂಭಿಸಿದ ಮೇಲೆ ನನ್ನ ಅಂಗಡಿಗೆ ವಾಪಸು ಬರುವ ಗೊಂಬೆಗಳನ್ನು ಬೆರಳಿನಲ್ಲಿ ಎಣಿಸಬಹುದು.

ಹಬ್ಬಕ್ಕೆ ಯಾವ ವಿನ್ಯಾಸ ಓಡುತ್ತದೆಂದು ಎಂಟು ತಿಂಗಳು ಮೊದಲೇ ಹೇಗೆ ತಿಳಿಯುವುದು ಎಂಬುದು ಎರಡನೆಯ ಆಕ್ಷೇಪ. ವಿನ್ಯಾಸವನ್ನು ಈಗಲೇ ನಿರ್ಧರಿಸಬೇಕಿಲ್ಲ. ಒಣಗಿದ ದಿಂಡು ರಾಜನೂ ಆಗಬಲ್ಲದು, ಆನೆಯೂ ಆಗಬಲ್ಲದು. ಆಷಾಢದಲ್ಲಿ ಅದನ್ನು ಹೇಳಿದರೆ ಸಾಕು.

ಸರ್ಕಾರ ಮಾಡಿದ್ದು, ನಾವು ಮಾಡಬೇಕಾದದ್ದು

ಈ ವಿಷಯದಲ್ಲಿ ಸರ್ಕಾರವನ್ನೇ ದೂರುವ ರೂಢಿ ನಮ್ಮಲ್ಲಿದೆ. ಆದರೆ ಇತ್ತೀಚಿನ ವರ್ಷಗಳ ನೀತಿಗಳು ಒಟ್ಟಾರೆ ಈ ಕಸುಬಿನ ಪರವಾಗಿಯೇ ಇವೆಯೆಂಬುದು ಗಮನಾರ್ಹ. ಆಮದು ಆಟಿಕೆಗಳ ಮೇಲಿನ ಮೂಲ ಸುಂಕವನ್ನು 2020ರಲ್ಲಿ ಶೇ. 20ರಿಂದ 60ಕ್ಕೆ, 2023ರಲ್ಲಿ ಶೇ. 70ಕ್ಕೆ ಏರಿಸಲಾಯಿತು. 2021ರ ಜನವರಿ 1ರಿಂದ ಆಟಿಕೆಗಳಿಗೆ ಗುಣಮಟ್ಟದ ಮುದ್ರೆ ಕಡ್ಡಾಯವಾದಾಗ ನೋಂದಾಯಿತ ಕುಶಲಕರ್ಮಿಗಳಿಗೂ ಭೌಗೋಳಿಕ ಸೂಚಕದ ಅಧಿಕೃತ ಬಳಕೆದಾರರಿಗೂ ವಿನಾಯಿತಿ ದೊರೆಯಿತು. 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿ.ಎಂ. ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಗೊಂಬೆ ಮತ್ತು ಆಟಿಕೆ ತಯಾರಿಕೆಯೂ ಒಂದು. ಅದರಲ್ಲಿ ಮೊದಲ ಕಂತಾಗಿ ಒಂದು ಲಕ್ಷ ರೂ.ವರೆಗೆ ಶೇ. 5ರ ಬಡ್ಡಿಯಲ್ಲಿ ಸಾಲಕ್ಕೆ ಅವಕಾಶವಿದೆ. 2025ರಲ್ಲಿ ನವರಾತ್ರಿ ಆರಂಭವಾದ ಸೆಪ್ಟೆಂಬರ್ 22ರಂದೇ ಮರದ ಆಟಿಕೆ ಮತ್ತು ಮರದ ಕರಕುಶಲ ವಸ್ತುಗಳ ಮೇಲಿನ ಸರಕು ಮತ್ತು ಸೇವಾ ತೆರಿಗೆ ಶೇ. 12ರಿಂದ 5ಕ್ಕೆ ಇಳಿಯಿತು.

ಆದರೆ ಸುಂಕ ಏರಿಸಿದರೆ ಮರ ಒಣಗುವುದಿಲ್ಲ. ತೆರಿಗೆ ಇಳಿಸಿದರೆ ಕೈಸಾಲದ ಬಡ್ಡಿ ಇಳಿಯುವುದಿಲ್ಲ. ಇನ್ನುಳಿದಿರುವುದು ಕೊಳ್ಳುವವರ ಮತ್ತು ಮಾಡುವವರ ನಡುವಿನ ವಿಷಯ.

ಪಾವತಿಯ ವಿಷಯದಲ್ಲಿ ಕಾಯಿದೆಯೂ ಮೌನವಾಗಿಲ್ಲವೆಂಬುದನ್ನು ಮರೆಯಲಾಗದು. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯಿದೆಯ ಪ್ರಕಾರ, ಲಿಖಿತ ಒಪ್ಪಂದವಿದ್ದರೂ ಪಾವತಿಯ ಅವಧಿ 45 ದಿನ ಮೀರುವಂತಿಲ್ಲ. ಒಪ್ಪಂದವಿಲ್ಲದಿದ್ದರೆ 15 ದಿನ. ಮೀರಿದರೆ ಬ್ಯಾಂಕ್ ದರದ ಮೂರರಷ್ಟು ಚಕ್ರಬಡ್ಡಿ. 2024ರ ಏಪ್ರಿಲ್ 1ರಿಂದ ಜಾರಿಗೆ ಬಂದ ಆದಾಯ ತೆರಿಗೆಯ ತಿದ್ದುಪಡಿಯಂತೆ, ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಗೆ ಈ ಅವಧಿ ಮೀರಿ ಬಾಕಿ ಉಳಿಸಿಕೊಂಡ ಹಣವನ್ನು, ವಾಸ್ತವವಾಗಿ ಪಾವತಿಸುವ ವರ್ಷದವರೆಗೆ ಖರ್ಚೆಂದು ತೋರಿಸಲಾಗದು. "ಹಬ್ಬ ಕಳೆಯಲಿ, ದೀಪಾವಳಿಯೂ ಆಗಲಿ, ಆಮೇಲೆ ನೋಡೋಣ" ಎಂಬ ನಮ್ಮ ಹಳೆಯ ಪದ್ಧತಿಗೆ ಉದ್ಯಮ್ ನೋಂದಣಿಯುಳ್ಳ ಕುಟುಂಬದೊಡನೆ ವ್ಯವಹರಿಸುವಾಗ ಸ್ಥಾನವಿಲ್ಲ. ಹೇಗೂ ಕೊಡಲೇಬೇಕಾದ ಹಣದಲ್ಲಿ ಒಂದು ಭಾಗವನ್ನು ಮೊದಲೇ ಕೊಟ್ಟು ಒಳ್ಳೆಯ ಸರಕು ಪಡೆಯುವುದು ಜಾಣತನವಲ್ಲವೇ?

ಇನ್ನೊಂದು ಶರದೃತು

ಇದೇ ಪಂಚಾಂಗವನ್ನು ಪಾಲಿಸಿದವರಿಗೆ ಇನ್ನೊಂದು ಮಾರುಕಟ್ಟೆಯೂ ತೆರೆದುಕೊಳ್ಳಬಹುದು. ಉತ್ತರ ಅಮೆರಿಕದ ಮನೆಗಳಲ್ಲಿ ಶರದೃತುವಿನ ಊಟದ ಮೇಜನ್ನು ಮರದ ಕುಂಬಳಕಾಯಿ, ಓಕ್ ಕಾಯಿ, ಮೇಪಲ್ ಎಲೆಗಳಿಂದ ಅಲಂಕರಿಸುವ ರೂಢಿಯಿದೆ. ಕೆನಡಾದ ಕೃತಜ್ಞತಾ ದಿನ ಅಕ್ಟೋಬರ್ ತಿಂಗಳ ಎರಡನೆಯ ಸೋಮವಾರ, ಅಮೆರಿಕದ್ದು ನವೆಂಬರ್ ತಿಂಗಳ ನಾಲ್ಕನೆಯ ಗುರುವಾರ. ಲೇತಿನ ಮೇಲೆ ಬೊಂಬೆ ಕಡೆಯಬಲ್ಲ ಕೈಗೆ ಕುಂಬಳಕಾಯಿ ಕಷ್ಟವಲ್ಲ. ಅರಿಶಿನ ಬೆರೆಸಿದ ಅರಗಿನ ಹಳದಿ ಅದಕ್ಕೆ ಹೇಳಿ ಮಾಡಿಸಿದಂತಿದೆ.

ಆದರೆ ಎರಡು ಎಚ್ಚರಿಕೆಗಳು ಅಗತ್ಯ. ಶಾಖ ಹಾಯಿಸಿದ ಅಲ್ಲಿನ ಮನೆಗಳ ಗಾಳಿ ಬಹಳ ಒಣ, ಶೇ. 12ರ ತೇವಾಂಶದ ಮರ ಅಲ್ಲಿ ಇನ್ನಷ್ಟು ಒಣಗಿ ಬಿರಿಯಬಹುದು. ಆದ್ದರಿಂದ ಯಂತ್ರದಲ್ಲಿ ಶೇ. 8ರ ಆಸುಪಾಸಿಗೆ ಒಣಗಿಸಿದ ಮರವೇ ಬೇಕು. ಸರಕು ತುಂಬುವ ಮರದ ಪೆಟ್ಟಿಗೆಗೂ ಅಂತರರಾಷ್ಟ್ರೀಯ ನಿಯಮದಂತೆ 56 ಡಿಗ್ರಿಯಲ್ಲಿ 30 ನಿಮಿಷಗಳ ಶಾಖೋಪಚಾರದಂತಹ ಸಂಸ್ಕಾರವಾಗಿ, ಅದರ ಮುದ್ರೆ ಇರಬೇಕು. ಎರಡನೆಯದಾಗಿ, ಒಂದೇ ವಿದೇಶಿ ಮಾರುಕಟ್ಟೆಯನ್ನು ನೆಚ್ಚಿ ಕೂರಲಾಗದು. 2025ರ ಆಗಸ್ಟ್‌ನಲ್ಲಿ ಅಮೆರಿಕ ಭಾರತದ ಅನೇಕ ಸರಕುಗಳ ಮೇಲಿನ ಹೆಚ್ಚುವರಿ ಸುಂಕವನ್ನು ಶೇ. 50ಕ್ಕೆ ಏರಿಸಿದಾಗ ಕರಕುಶಲ ರಫ್ತುದಾರರು ಪಟ್ಟ ಪಾಡು ನಮ್ಮ ನೆನಪಿನಲ್ಲಿದೆ. ಮನೆಯ ಹಬ್ಬವೇ ಆಧಾರ, ಹೊರಗಿನ ಹಬ್ಬ ಹೆಚ್ಚುವರಿ ಎಂದಿಟ್ಟುಕೊಳ್ಳುವುದು ಕ್ಷೇಮ.

ನಮ್ಮ ಸಂಸ್ಥೆಗೆ ಎರಡು ಸಲಹೆಗಳು

ಮೊದಲನೆಯದಾಗಿ, ಪ್ರತಿ ವರ್ಷ ಜನವರಿಯಲ್ಲಿ ಗೊಂಬೆ ಮಾಡುವವರನ್ನೂ ಕೊಳ್ಳುವ ವರ್ತಕರನ್ನೂ ಒಂದೆಡೆ ಸೇರಿಸಿ, ಮುಂಗಡ ಮತ್ತು ಕಂತುಗಳನ್ನೊಳಗೊಂಡ ಸರಳವಾದ ಕನ್ನಡ ಒಪ್ಪಂದ ಪತ್ರದ ಮಾದರಿಯನ್ನು ಸಂಸ್ಥೆಯು ಸಿದ್ಧಪಡಿಸಿಕೊಡಬೇಕು. ಎರಡನೆಯದಾಗಿ, ಸದಸ್ಯರ ವಂತಿಗೆಯಿಂದ ಒಂದು ಸಾಮೂಹಿಕ ಒಣಗಣೆ ಮನೆಯನ್ನು ನಿರ್ಮಿಸುವ ಸಾಧ್ಯತೆಯನ್ನು ಪರಿಶೀಲಿಸಬೇಕು. ಬೆಂಗಳೂರಿನ ಮಲ್ಲೇಶ್ವರದಲ್ಲಿ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಂತಹ ಕೇಂದ್ರ ನಮ್ಮ ಪಕ್ಕದಲ್ಲಿಯೇ ಇರುವಾಗ ತಾಂತ್ರಿಕ ಸಲಹೆಗೆ ದೂರ ಹೋಗಬೇಕಾಗಿಲ್ಲ. ಮನೆಯಲ್ಲಿ ಕೆಲಸ ಮಾಡುವ ಹತ್ತು ಕುಟುಂಬಗಳಿಗೆ ಅಂತಹ ಒಂದು ಮನೆ ದೊರೆತರೆ ಬೇಸಿಗೆ ತಪ್ಪಿದರೂ ಕಸುಬು ತಪ್ಪುವುದಿಲ್ಲ.

"ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ" ಎಂಬ ಗಾದೆ ನಮಗೆಲ್ಲ ತಿಳಿದದ್ದೇ. ಮರದ ಗೊಂಬೆಯ ವಿಷಯದಲ್ಲಿ ಆ ದೊಣ್ಣೆ ನಮ್ಮ ಕೈಯಲ್ಲಿಯೇ ಇದೆ; ತಡವಾಗಿ ಕೊಡುವ ಬೇಡಿಕೆ, ಇನ್ನೂ ತಡವಾಗಿ ಕೊಡುವ ಹಣ. ನನ್ನ ಕಪಾಟಿನಲ್ಲಿ ಅಂದು ವಾಪಸಾದ ಒಂದು ಜೊತೆಯನ್ನು ಇಂದಿಗೂ ಇಟ್ಟುಕೊಂಡಿದ್ದೇನೆ. ಸಂಕ್ರಾಂತಿ ಕಳೆದೊಡನೆ ಅದನ್ನೊಮ್ಮೆ ನೋಡಿ, ಆ ಕುಟುಂಬಕ್ಕೆ ಮರ ಕೊಡಿಸಲು ಹೊರಡುತ್ತೇನೆ. ಈ ಬಾರಿ ಇನ್ನೂ ಕೆಲವು ವರ್ತಕ ಬಾಂಧವರು ಜೊತೆಯಲ್ಲಿ ಬರುವರೆಂದು ಆಶಿಸುತ್ತೇನೆ.